ಒಂದು ನಿಮಿಷ ತಡೆಯದ ಗಾಡಿ

ಇದನ್ನು ಹೇಳುವುದನ್ನು ವರ್ಷಗಳಿಂದ ಮುಂದೂಡುತ್ತ ಬಂದಿದ್ದೇನೆ.

ಗಜೇಂದ್ರಗಡದ ಒಬ್ಬ ಗ್ಯಾರೇಜ್ ಮಿಸ್ತ್ರಿ ನನ್ನ ಡೀಸೆಲ್ ಕಾರಿನ, ಎಂಜಿನ್ನಿಗೆ ಗಾಳಿ ನೂಕಿ ಓಟ ಹೆಚ್ಚಿಸುವ ಟರ್ಬೊ ತೆಗೆದು, ಅದಕ್ಕಿಂತ ದೊಡ್ಡದನ್ನು ಕೂಡಿಸಿಕೊಟ್ಟಿದ್ದ. ಕಣ್ಣು ಮುಚ್ಚಿ ಎಂಜಿನ್ನಿಗೆ ಕಿವಿಗೊಟ್ಟು ನಿಲ್ಲುವುದು ಅವನ ರೂಢಿ. ಕೀಲಿ ಕೊಡುವಾಗ ಪ್ರತಿ ಸಲವೂ ಅದೇ ಮಾತು: "ಜೋರ್ ಓಡಿಸಿ ಬಂದ ಕೂಡ್ಲೆ ಬಂದ್ ಮಾಡಬ್ಯಾಡ್ರಿ ಕಾಕಾ. ಒಂದ್ ನಿಮಿಷ ತಡೀರಿ. ಟರ್ಬೊ ಕಾದಿರತೈತಿ, ಅದಕ್ಕ ಎಣ್ಣಿ ಸಿಗ್ಲಿ."

ನಾನು ತಡೆಯುತ್ತಿರಲಿಲ್ಲ. ಒಂದು ದಿನ ಬೀಗರ ಕಾರನ್ನು ಹಿಂದೆ ಹಾಕಿ ರೋಣದಿಂದ ನರೇಗಲ್ಲಿಗೆ ಹಾರಿಸಿಕೊಂಡು ಹೋದೆ. ಗೆದ್ದ ಗತ್ತಿನಲ್ಲಿ, ಸಂತೆಯ ಜನರೆದುರು ಥಟ್ಟನೆ ಕೀಲಿ ತಿರುವಿ ಇಳಿದೆ. ಮತ್ತೆ ಹೊರಟಾಗ ಟರ್ಬೊ ಕೆಟ್ಟಿತ್ತು.

ಮರುದಿನ ಬೀಗರ ಮುಂದೆಯೇ ಮಿಸ್ತ್ರಿಗೆ ಅಂದೆ: "ಗುಜರಿ ಮಾಲ್ ಕೂಡಿಸಿ ನನಗ ಟೋಪಿ ಹಾಕಿದೇನು?"

ಅವನು ಬಿಚ್ಚಿ ನೋಡಿದ. ಕಾದ ಟರ್ಬೊದಲ್ಲಿ ಎಣ್ಣೆ ಒಳಗೇ ನಿಂತು ಸುಟ್ಟು ಕರಕಲಾಗಿತ್ತು. ಆ ಕರಿಯನ್ನು ಬೆರಳಲ್ಲಿ ಉಜ್ಜುತ್ತ ನನ್ನನ್ನೊಮ್ಮೆ ನೋಡಿದ. ಆಮೇಲೆ ಬೀಗರ ಕಡೆ ತಿರುಗಿ, "ನಂದ ತಪ್ಪಾಗೇತ್ರಿ" ಎಂದ.

ಬೀಗರು ಅದನ್ನು ಊರೂರಿಗೆ ಹೇಳಿದರು. ಅವನ ಗ್ಯಾರೇಜಿಗೆ ಕಾರುಗಳು ಬರುವುದು ನಿಂತಿತು. ತಪ್ಪು ನನ್ನದೆಂದು ನಾನು ಯಾರಿಗೂ ಹೇಳಲಿಲ್ಲ.

ಈಗ ಗಾಡಿ ನಿಲ್ಲಿಸಿದ ಮೇಲೆ ಒಂದು ನಿಮಿಷ ಕೂತೇ ಇರುತ್ತೇನೆ. ಆ ಮಿಸ್ತ್ರಿಯ ಹತ್ತಿರ ಮಾತ್ರ ಇವತ್ತಿನವರೆಗೂ ಕ್ಷಮೆ ಕೇಳಿಲ್ಲ.