ಬಿದಿರಿನ ನೀರು ಕಳೆಯೋ ಸೀತಕ್ಕ

ಭದ್ರಾವತಿ ಸಂತೆಯಲ್ಲಿ ಬೀನ್ಸ್ ಮಾರೋರು ಸೀತಕ್ಕನ್ನ ಕಂಡ್ರೆ ಮುಖ ತಿರುಗಿಸ್ತಾರೆ. ನೀರು ಚಿಮುಕಿಸಿದ ಬೀನ್ಸನ್ನ ಸೆರಗಲ್ಲಿ ಒರೆಸಿದ ಮೇಲೇ ಆಯಮ್ಮ ತಕ್ಕಡಿಗೆ ಹಾಕೋಕೆ ಬಿಡೋದು. ಪೂರ್ತಿ ಹೆಸರು ಸೀತಾಲಕ್ಷ್ಮಿ. ಕಾಗದನಗರದ ಕ್ವಾರ್ಟರ್ಸಿನಲ್ಲಿ ನಾನು ಹುಟ್ಟಿ ಬೆಳೆದ ಮನೆಯ ಪಕ್ಕದ ಮನೆ. ಕಾಗದದ ಮಿಲ್ಲಿನಲ್ಲಿ ಇಪ್ಪತ್ತೆರಡು ವರ್ಷ ಒಂದೇ ಕೆಲಸ ಮಾಡಿದ್ರು. ಲಾರಿಯಲ್ಲಿ ಬಿದಿರು ಬಂದ್ರೆ ಒಂದು ಹಿಡಿ ಚೂರು ತೂಗೋದು, ಓವನ್ನಿನಲ್ಲಿ ಒಣಗಿಸೋದು, ಮತ್ತೆ ತೂಗೋದು. ಕಮ್ಮಿಯಾದದ್ದಷ್ಟೂ ನೀರು. ಅದಕ್ಕೆ ಮಿಲ್ಲು ಕಾಸು ಕೊಡ್ತಿರಲಿಲ್ಲ.

ಮಿಲ್ಲು ನಿಂತ ಮೇಲೆ ಈಯಮ್ಮ ಷೇರು ಬಜಾರು ಹಿಡಿದಿದ್ದಾರೆ ಅಂತ ಕೇಳಿ ಬಿದ್ದು ಬಿದ್ದು ನಕ್ಕಿದ್ದೆ. ನಾನು ನಾಗೇಶ, ಶಿವಮೊಗ್ಗದ ಗೋಪಾಳದಲ್ಲಿ ಪಂಪ್‌ಸೆಟ್ ಅಂಗಡಿ ಇಟ್ಟವನು. ಮೊಬೈಲಿನಲ್ಲಿ ಆಪ್ಷನ್ ಆಡೋನು. ನನ್ನ ಮುಂದೆ ಇವರದ್ದೇನು ಅನ್ನೋ ಕೊಬ್ಬು!

ಈ ವರ್ಷ ತೋಟದೋರೆಲ್ಲ ಒಂದೇ ಕಂಪನಿ ಪಂಪು ಕೇಳಿದ್ರು. ಸ್ಟಾಕ್ ಬಂದ ದಿನವೇ ಖಾಲಿ. ಈ ಕಂಪನಿಯ ಲಾಭ-ನಷ್ಟದ ರಿಸಲ್ಟ್ ಸೂಪರ್ ಬರುತ್ತೆ, ನನ್ನ ಅಂಗಡಿಯೇ ಸಾಕ್ಷಿ ಅಂದ್ಕೊಂಡು ಸೋಮವಾರ ಅದರ ಕಾಲ್ ಆಪ್ಷನ್ ಕೊಂಡೆ. ಷೇರು ಜೋರಾಗಿ ಏರಿದ್ರೆ ಲಾಭ, ಇಲ್ಲಾಂದ್ರೆ ಕೊಟ್ಟ ದುಡ್ಡಿಗೆ ಎಳ್ಳುನೀರು. ದುಡ್ಡು ಯಾವುದು ಗೊತ್ತಾ? ಮಗಳು ಲಿಖಿತಾಳ ನರ್ಸಿಂಗ್ ಕಾಲೇಜಿನ ಫೀಸು. ಮುಂದಿನ ಸೋಮವಾರ ಕಟ್ಟಬೇಕಿತ್ತು. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಗುರುವಾರ ಸಂಜೆ ರಿಸಲ್ಟ್. ಮಧ್ಯಾಹ್ನ ಭದ್ರಾವತಿಗೆ ಮೋಟಾರ್ ಕೊಡೋಕೆ ಹೋದವನು, ಜಂಬ ಕೊಚ್ಚೋಣ ಅಂತ ಸೀತಕ್ಕನ ಮನೆ ಹೊಕ್ಕು ಆಪ್ಷನ್ ಕೊಂಡ ಕಥೆ ಹೇಳಿದೆ. ಅವರು ಗೋಡೆಯಿಂದ ಕ್ಯಾಲೆಂಡರ್ ಇಳಿಸಿದ್ರು. ಅದರ ತುಂಬ ಅವರೇ ಬರೆದಿಟ್ಟ ಇಪ್ಪತ್ತು ಕಂಪನಿಯ ಆಪ್ಷನ್ ಬೆಲೆ! ಮಾಮೂಲಿ ದಿನದ್ದು, ರಿಸಲ್ಟಿನ ಹಿಂದಿನದ್ದು, ಮಾರನೇ ದಿನದ್ದು.

"ಹೋದ ತಿಂಗಳು ನಿನ್ನ ಪಂಪಿನ ಕಂಪನಿಯ ಇಂಥದೇ ಆಪ್ಷನ್ನು ಹನ್ನೆರಡು ರೂಪಾಯಿ. ಷೇರು ಆಗಲೂ ಇಷ್ಟೇ ಇತ್ತು. ಇವತ್ತು ಇಪ್ಪತ್ತಾರು. ಏನು ಜಾಸ್ತಿಯಾಯ್ತು ಹೇಳು?"

ನಾನು ಮೊಬೈಲ್ ತೆಗೆದು ಬೆಲೆ ನೋಡಿದೆ, ಇಪ್ಪತ್ತಾರೇ.

"ಏನಾಗುತ್ತೋ ಅನ್ನೋ ಜನರ ದಿಗಿಲು, ಆಸೆ. ಅದೆಲ್ಲ ನೀರು ಮಾರಾಯ. ರಿಸಲ್ಟ್ ಬಂದ ತಕ್ಷಣ ಆರಿಹೋಗುತ್ತೆ. ಈಗಲೇ ಮಾರು."

ಸಿಟ್ಟು ನೆತ್ತಿಗೇರಿತು. "ಪಂಪಿನ ವಿಷಯ ನಿಮಗೇನ್ರೀ ಗೊತ್ತು?"

"ಪಂಪು ಚೆನ್ನಾಗೇ ಇರಬಹುದಪ್ಪ," ಅಂದ್ರು. ಆಮೇಲೆ ನನ್ನ ಮುಖ ನೋಡಿ, "ಲಿಖಿತಾ ಫೀಸು ಕಟ್ಟಿದ್ಯಾ?"

ಮೂರೂ ಇಪ್ಪತ್ತಕ್ಕೆ, ಹಲ್ಲು ಕಡಿಯುತ್ತಾ, ಎಲ್ಲ ಮಾರಿದೆ. ಫೀಸಿನ ದುಡ್ಡು ವಾಪಸ್ ಬಂತು.

ಸಂಜೆ ರಿಸಲ್ಟ್ ಬಂತು. ಲಾಭ ಹೋದ ವರ್ಷಕ್ಕಿಂತ ಎಷ್ಟೋ ಜಾಸ್ತಿ! ಮೈಯೆಲ್ಲ ಉರಿದುಹೋಯ್ತು. ಫೋನ್ ಮಾಡಿ ಬಾಯಿಗೆ ಬಂದಂಗೆ ಬೈದೆ. "ಬೆಳಗ್ಗೆ ನೋಡು," ಅಂದು ಇಟ್ಟುಬಿಟ್ರು.

ಬೆಳಗ್ಗೆ ಒಂಬತ್ತೂಕಾಲಿಗೆ ನೋಡಿದೆ. ಷೇರು ಏರಿತ್ತು, ಸ್ವಲ್ಪ. ನಾನು ಮಾರಿದ ಆಪ್ಷನ್ನು? ಇಪ್ಪತ್ತಾರಿದ್ದದ್ದು ಒಂಬತ್ತು! ಅಯ್ಯೋ ದೇವರೇ, ನಾನು ಹೇಳಿದ್ದು ಅಷ್ಟೂ ನಿಜವಾಗಿತ್ತು, ಆದ್ರೂ ಮಾರದಿದ್ರೆ ದುಡ್ಡು ಮುಳುಗ್ತಿತ್ತು. ಅಂಗಡಿ ಬಾಗಿಲೆಳೆದು ಬಸ್ ಹತ್ತಿದೆ. ಆ ಹೆಂಗಸಿನ ಕಾಲಿಗೆ ಬೀಳಬೇಕು ಅನ್ನಿಸಿತ್ತು, ಬಿದ್ದೇಬಿಟ್ಟೆ.

"ಎಲ್ಲಿ ಕಲಿತ್ರಿ ಸೀತಕ್ಕ ಈ ವಿದ್ಯೆ?"

ಅವರು ಟ್ರಂಕಿನಿಂದ ಹಳೇ ಕ್ಯಾಲೆಂಡರ್ ತೆಗೆದ್ರು. ಅದರಲ್ಲಿ ಒಂದೇ ಕಂಪನಿಯ ಹೆಸರು ಬರೆದಿತ್ತು. "ಇದು ಎಲ್ಲೋ ದೂರದ ಕಾಗದದ ಕಂಪನಿ. ಕಾಗದ ನನಗಿಂತ ಯಾರಿಗೆ ಗೊತ್ತು ಅಂತ, ಮಿಲ್ಲು ಕೊಟ್ಟು ಕಳಿಸಿದ ದುಡ್ಡು ಅಷ್ಟೂ ಇದರ ಆಪ್ಷನ್ನಿಗೆ ಹಾಕಿದೆ. ರಿಸಲ್ಟ್ ಚೆನ್ನಾಗೇ ಬಂತು, ದುಡ್ಡು ಮಾತ್ರ ಹೋಯ್ತು. ಅಷ್ಟು ವರ್ಷ ಕಂಡೋರ ಬಿದಿರಿಗೆಲ್ಲ ನೀರು ಕಳೆದವಳು, ನನ್ನದಕ್ಕೆ ಕಳೆಯೋದು ಹೊಳೀಲೇ ಇಲ್ಲ ನೋಡು."

"ಆಮೇಲೆ ಈ ಇಪ್ಪತ್ತು ಕಂಪನಿಯಲ್ಲಿ ಎಷ್ಟು ದುಡ್ಡು ಮಾಡಿದ್ರಿ?"

"ಆಡೋಕೆ ದುಡ್ಡೆಲ್ಲಿತ್ತು? ಒಂದನ್ನೂ ಕೊಂಡಿಲ್ಲ. ಮೂರು ವರ್ಷದಿಂದ ಬರೀ ಬರ್ಕೊಂಡೇ ಬಂದೆ," ಅಂದ್ರು. "ಸೋಮವಾರ ಫೀಸು ಕಟ್ಟು. ರಸೀದಿ ನನಗೂ ಒಂದ್ಸಲ ತೋರಿಸು."