ಎರಡೂ ಕಿವಿ ಕೊಯ್ದ ಚೀಟಿಗಳು

ಬಿಸಿಲಿಗೆ ಹಾಕಿದ ಹಸಿ ಕಂಬಳಿಯ ವಾಸನೆ ಎಲ್ಲೇ ಮೂಗಿಗೆ ತಾಕಲಿ, ಎಪ್ಪತ್ತರ ದಶಕದ ಹರಿಯಬ್ಬೆಯ ನಮ್ಮ ಮನೆ ಕಣ್ಣೆದುರು ಎದ್ದು ನಿಲ್ಲುತ್ತದೆ. ಜಗುಲಿಗೆ ಎರಡು ಕಂಬವಿದ್ದವೋ ಮೂರೋ, ಮೇಷ್ಟ್ರು ಬಂದದ್ದು ಭಾನುವಾರವೋ ಅಲ್ಲವೋ, ಖಚಿತವಿಲ್ಲ. ನಾನು ಡೈರಿ ಬರೆಯತೊಡಗಿದ್ದು ಆಮೇಲೆ. ನೆನಪನ್ನು ಅನುಮಾನಿಸಲು ಕಲಿತದ್ದು ಇನ್ನೂ ಆಮೇಲೆ. ಕತ್ತರಿ ನನ್ನ ಕೈಯಲ್ಲಿತ್ತು ಎಂಬುದೊಂದರಲ್ಲಿ ಮಾತ್ರ ಅನುಮಾನವಿಲ್ಲ.

ಚಿಕ್ಕಪ್ಪನ ಮಗಳು ಜುಂಜಮ್ಮ ನನಗಿಂತ ಮೂರು ತಿಂಗಳು ಚಿಕ್ಕವಳು. ಇಬ್ಬರಿಗೂ ಏಳನೆಯ ತರಗತಿ, ಇಬ್ಬರಿಗೂ ಒಂದೇ ಕಂಬಳಿ. ಒಂದರಂತೆ ಒಂದು ಕಾಣುವ ಇಂಗ್ಲಿಷ್ ಪದಗಳು ನಮ್ಮನ್ನು ಸತಾಯಿಸುತ್ತಿದ್ದವು. ಡೈರಿ ಎಂದರೆ ದಿನಚರಿ, ಡೇರಿ ಎಂದರೆ ಹಾಲಿನದು. ಏಂಜಲ್ ದೇವದೂತ, ಆಂಗಲ್ ಕೋನ. ಕ್ವಯೆಟ್ ಸದ್ದಿಲ್ಲದ್ದು, ಕ್ವೈಟ್ ಇನ್ನೇನೋ. ನಾನು ಬಾಯಿಪಾಠ ಮಾಡುತ್ತಿದ್ದೆ. ಜುಂಜಿ ಹೋಗಿ ಅಕ್ಷರ ಬಾರದ ಅಜ್ಜನನ್ನು ಕೇಳಿದಳು. "ಎರಡು ಕುರಿ ಒಂದೇ ತರ ಕಂಡ್ರೆ ಮುಖ ನೋಡಬ್ಯಾಡ ಲೇ, ಕಿವಿ ನೋಡು" ಎಂದ ಅಜ್ಜ. ನಮ್ಮ ಕುರಿಗಳ ಎಡಗಿವಿಯಲ್ಲಿ ಸಣ್ಣ ಸೀಳಿರುತ್ತಿತ್ತು, ಪಕ್ಕದ ಹಟ್ಟಿಯವರದಕ್ಕೆ ಬಲಗಿವಿಯಲ್ಲಿ. ಜುಂಜಿ ಹಳೆಯ ಲಗ್ನಪತ್ರಿಕೆಗಳನ್ನು ಚೀಟಿ ಮಾಡಿ, ಪದಕ್ಕೊಂದು, ಅರ್ಥಕ್ಕೊಂದು ಬರೆದು, ಡೈರಿಗೂ ಅದರ ಅರ್ಥಕ್ಕೂ ಎಡಮೂಲೆ ಕೊಯ್ದಳು, ಡೇರಿಗೂ ಅದರ ಅರ್ಥಕ್ಕೂ ಬಲಮೂಲೆ. ಸಂಜೆ ಅವಳು ಒಂದೊಂದೇ ಜೋಡಿಯ ಚೀಟಿಗಳನ್ನು ಹರಡಿದರೆ ಅಜ್ಜ ಕಿವಿಗೆ ಕಿವಿ ಕೂಡಿಸಿ, ಒಂದೂ ತಪ್ಪದೆ ಇಂಗ್ಲಿಷ್ ಹೊಂದಿಸುತ್ತಿದ್ದ. "ಭಲೇ ನನ್ ಮೇಷ್ಟ್ರೇ, ಒಳ್ಳೆ ಹಿಂಡು ಕಟ್ಟೀಯ" ಎಂದು ನಗುತ್ತಿದ್ದ. ಪರೀಕ್ಷೆಯಲ್ಲಿ ಹೆಚ್ಚು ಅಂಕ ಬರುತ್ತಿದ್ದದ್ದು ನನಗೆ. ಆ ನಗು ಒಮ್ಮೆಯೂ ನನ್ನ ಕಡೆ ತಿರುಗಲಿಲ್ಲ. ಗಂಟಲಲ್ಲಿ ಉಣ್ಣೆಯ ಎಳೆ ಸಿಕ್ಕಿಕೊಂಡಂತೆ ಅದು ಹಗಲೆಲ್ಲ ಕೆರೆಯುತ್ತಿತ್ತು.

ಹೈಸ್ಕೂಲಿಗೆ ದುರ್ಗದ ಹಾಸ್ಟೆಲಿಗೆ ಒಬ್ಬಳನ್ನೇ ಕಳಿಸುವುದೆಂದು ಅಜ್ಜ ತೀರ್ಮಾನಿಸಿದ. "ಇಬ್ರೂ ಹೋದ್ರೆ ಮರಿ ನೋಡೋರು ಯಾರು? ಮೇಷ್ಟ್ರು ಮನಿಗೆ ಬಂದು ಇಂಗ್ಲಿಷ್ ಕೇಳ್ಲಿ, ಹೇಳಿದೋಳು ಹೋಗ್ಲಿ." ಮೇಷ್ಟ್ರು ಬರುವ ಬೆಳಿಗ್ಗೆ ಜುಂಜಿ ನೀರಿಗೆ ಹೋದಾಗ, ನಾನು ಉಣ್ಣೆ ಕತ್ತರಿ ತೆಗೆದುಕೊಂಡು ಅವಳ ಪ್ರತಿ ಚೀಟಿಯ ಉಳಿದ ಮೂಲೆಯನ್ನೂ ಕೊಯ್ದೆ. ಎರಡೂ ಕಿವಿ ಕೊಯ್ದದ್ದು ಕದ್ದ ಕುರಿ. ಹಳೆ ಗುರುತು ಕೆಡಿಸಲು ಕಳ್ಳರು ಹಾಗೆ ಮಾಡುತ್ತಾರೆ. ನಮ್ಮ ಮನೆಯ ಕೂಸಿಗೂ ಇದು ಗೊತ್ತಿತ್ತು. ನಾನು ಮಾಡಿದ್ದೂ ಅದನ್ನೇ ಎಂದು ಹೊಳೆದದ್ದು ಅವಳು ಬಂದು ಚೀಟಿಗಳ ಕಟ್ಟು ಬಿಚ್ಚಿದ ಮೇಲೆ. ಜುಂಜಿ ಚೀಟಿಗಳನ್ನು ಒಂದೊಂದಾಗಿ ತಿರುವಿ ನೋಡಿದಳು, ಉಣ್ಣೆದಾರದಿಂದ ಮತ್ತೆ ಕಟ್ಟಿ ಲಂಗದೊಳಗೆ ಸಿಕ್ಕಿಸಿಕೊಂಡಳು.

"ಬರ್ರಿ, ಕುಂತ್ಕಳ್ರಿ" ಎಂದು ಅಜ್ಜ ಮೇಷ್ಟ್ರಿಗೆ ಕಂಬಳಿ ಹಾಸಿದ. ಅವರು ಮೊದಲು ಕೇಳಿದ್ದೇ ಡೇರಿ. ಜುಂಜಿ ಸೂರು ನೋಡುತ್ತಾ ನಿಂತಳು. ನಾನು ಹೇಳಿದೆ, ಮುಂದಿನವನ್ನೂ ನಾನೇ ಹೇಳಿದೆ. ಅಜ್ಜನಿಗೆ ತಡೆಯಲಾಗಲಿಲ್ಲ. "ಚೀಟಿ ತಗಂಬಾರಲೇ, ಕಿವಿ ನೋಡಿ ಹೇಳೀಯಂತೆ." ನನ್ನ ಕಳ್ಳತನ ಬಯಲಾಗಲು ಅಜ್ಜನಿಗೆ ಒಂದು ಚೀಟಿ ಸಿಕ್ಕರೂ ಸಾಕಿತ್ತು.

"ಆಡು ತಿಂದ್ಬಿಡ್ತಜ್ಜ" ಎಂದಳು ಜುಂಜಿ.

"ನಿನ್ ಹಿಂಡನ್ನ ನೀನೇ ಕಾಯ್ಲಿಲ್ವಲ್ಲೇ" ಎಂದ ಅಜ್ಜ. ಆಗ ಅವನು ನಗಲಿಲ್ಲ.

ನಾನು ದುರ್ಗಕ್ಕೆ ಹೋದೆ, ಅಲ್ಲಿಂದ ವಿಶ್ವವಿದ್ಯಾಲಯಕ್ಕೂ. ಅಜ್ಜ ಹೋದ, ಹಿಂಡು ಚದುರಿತು, ಜಗುಲಿಯಿದ್ದಲ್ಲಿ ಈಗ ಯಾರದೋ ಜಾಲಿಬೇಲಿ. ಇಷ್ಟು ಓದಿದವಳಿಗೆ ಜುಂಜಿಯ ಮೇಲಿನ ಹೊಟ್ಟೆಕಿಚ್ಚು ಆರಬೇಕಿತ್ತು. ಆರಿಲ್ಲ, ಇನ್ನೊಬ್ಬರನ್ನು ಉಳಿಸುವ ಅಂಥ ಒಂದು ಸುಳ್ಳು ನನ್ನ ಬಾಯಿಂದ ಯಾವತ್ತೂ ಬಂದಿಲ್ಲವೆಂದು ಇನ್ನಷ್ಟು ಉರಿಯುತ್ತದೆ. ಹೋದ ವರ್ಷ ಅವಳ ಮನೆಯಂಗಳದಲ್ಲಿ ಕಂಬಳಿ ಒಣಗುತ್ತಿತ್ತು. ಅವಳು ಅದರ ಹಸಿ ಮಗ್ಗುಲನ್ನು ಬಿಸಿಲಿಗೆ ತಿರುವಿ ಹಾಕುವಾಗ ಕೇಳಿದೆ.

"ಜುಂಜಿ, ಅವತ್ತು ಆಡು ತಿಂತು ಅಂತ ಯಾಕೆ ಹೇಳ್ದೆ?"