ಮುಬೀನಾ ಬರೆದ ಪ್ರಬಂಧ

ಮುಬೀನಾ ಬರೆದ ಪ್ರಬಂಧವನ್ನು ನಾನು ಬರೆದದ್ದೆಂದು ಒಪ್ಪಿಕೊಂಡೆ. ಅವಳ ಎದುರಿನಲ್ಲೇ, ಇಡೀ ತರಗತಿ ಕೇಳುವಂತೆ. ಇಪ್ಪತ್ತೆರಡು ವರ್ಷ ಅದು ಸುಳ್ಳೆಂಬ ಮಾತನ್ನು ಯಾರ ಮುಂದೆಯೂ ಆಡಲಿಲ್ಲ — ಅವ್ವನ ಮುಂದೆಯೂ ಇಲ್ಲ, ಗಂಡನ ಮುಂದೆಯೂ ಇಲ್ಲ.

ಆಗ ನಾವು ಸವಣೂರಿನಲ್ಲಿ ಒಂಬತ್ತನೇ ತರಗತಿಯಲ್ಲಿದ್ದೆವು. ಬರವಣಿಗೆಯಲ್ಲಿ ಹಿಂದೆ ಬಿದ್ದವರಿಗೆ ಮುಂದಿದ್ದವರು ಕಲಿಸಲಿ ಎಂದು ಕನ್ನಡದ ಸರ್ ನಮ್ಮನ್ನು ಜೋಡಿ ಮಾಡಿದ್ದರು. ನನ್ನ ಪಾಲಿಗೆ ಬಂದವಳು ಮುಬೀನಾ. ಅವಳ ಮನೆಮಾತು ಉರ್ದು, ಅಪ್ಪನದು ವೀಳ್ಯದೆಲೆ ಬಳ್ಳಿಯ ತೋಟ. ಮಾತಿಗೆ ನಿಂತರೆ ಅವಳನ್ನು ಹಿಡಿಯುವವರಿರಲಿಲ್ಲ. ಬರೆಯಲು ಕೂತರೆ ಮಾತ್ರ ಕೈ ಗಟ್ಟಿಯಾಗುತ್ತಿತ್ತು. ಒತ್ತಕ್ಷರ ಬಿಡುತ್ತಿದ್ದಳು, ಹೆದರಿ ಎರಡೇ ಸಾಲಿಗೆ ನಿಲ್ಲಿಸುತ್ತಿದ್ದಳು. ದಿನಾ ಕೊನೆಯ ಅವಧಿಯಲ್ಲಿ ವರಾಂಡದಲ್ಲಿ ಕೂತು, "ನೀ ನನಗ ಹೇಳಿದಂಗ ಬರಿ, ತಪ್ಪಾದ್ರ ಆಗ್ಲಿ" ಎನ್ನುತ್ತಿದ್ದೆ. ಅಲ್ಲಿಯವರೆಗೆ ನಾನು ಒಳ್ಳೆಯವಳೇ ಇದ್ದೆ.

ಮೂರು ತಿಂಗಳಾದ ಮೇಲೆ 'ನಮ್ಮ ಮನೆಯ ಹಿರಿಯರು' ಎಂಬ ವಿಷಯ ಕೊಟ್ಟರು. ಮುಬೀನಾ ಕಣ್ಣು ಕಾಣದ ತನ್ನ ದಾದಿಯ ಬಗ್ಗೆ, ಅಪ್ಪನ ತಾಯಿಯ ಬಗ್ಗೆ, ಬರೆದಳು. "ದಾದಿ ಎಲೆಯನ್ನು ಕೆನ್ನೆಗೆ ಒತ್ತಿ ನೋಡುತ್ತಾಳೆ. ತಣ್ಣಗಿದ್ದರೆ ಇವತ್ತು ಕೊಯ್ದದ್ದು. ನನ್ನ ಕೆನ್ನೆಯನ್ನೂ ಹಾಗೇ ಮುಟ್ಟಿ ನಾನು ಅತ್ತಿದ್ದೇನೋ ಇಲ್ಲವೋ ಹೇಳುತ್ತಾಳೆ." ನಾನು ತಿದ್ದಿದ್ದು ಕಾಗುಣಿತವನ್ನಷ್ಟೇ. ಆ ಸಾಲನ್ನು ಎರಡು ಸಲ ಓದಿದೆ. ನಾನು ಅಂಥ ಒಂದು ಸಾಲನ್ನೂ ಬರೆದವಳಲ್ಲ. ನನ್ನವೆಲ್ಲ ಗೈಡಿನ ಸಾಲುಗಳು — ಮುತ್ತಿನಂಥ ಅಕ್ಷರದಲ್ಲಿ.

ಸರ್ ಅದನ್ನು ತರಗತಿಗೆ ಓದಿ ಹೇಳಿದರು. ಓದಿ, ಕನ್ನಡಕ ತೆಗೆದು, ನನ್ನ ಕಡೆ ನೋಡಿ ನಕ್ಕರು.

"ಇದು ಆಕಿ ಬರದದ್ದಲ್ಲ. ಸುಧಾ, ನೀನ ಬರದುಕೊಟ್ಟೀ, ಹೌದಿಲ್ಲೋ?"

ಅವರ ದನಿಯಲ್ಲಿ ಬೈಗುಳ ಇರಲಿಲ್ಲ, ಮೆಚ್ಚುಗೆ ಇತ್ತು. ಆ ಮೆಚ್ಚುಗೆ ನನಗೆ ಬೇಕಾಗಿತ್ತು.

"ಹೂಂನ್ರೀ ಸರ್."

ಶಾಲೆ ಬಿಟ್ಟ ಮೇಲೆ ಮುಬೀನಾ ಗೇಟಿನ ಹತ್ತಿರ ನಿಂತಿದ್ದಳು. ಜಗಳಕ್ಕೆ ಬರುತ್ತಾಳೆಂದುಕೊಂಡೆ. ಅವಳು ಮೆಲ್ಲಗೆ ಕೇಳಿದ್ದು ಇಷ್ಟೇ: "ನಾನ ಬರದಿದ್ದೆ, ಅಲ್ಲನು ಸುಧಾ?" ನಾನು, "ನಾ ತಿದ್ದಿದ್ನಲ್ಲ..." ಎಂದು ಗೊಣಗಿ ನಡೆದುಬಿಟ್ಟೆ. ಮರುದಿನದಿಂದ ಅವಳು ವರಾಂಡಕ್ಕೆ ಬರಲಿಲ್ಲ. ಪರೀಕ್ಷೆಗೆ ಪ್ರಬಂಧಗಳನ್ನು ಬಾಯಿಪಾಠ ಮಾಡಿ ಹೇಗೋ ಪಾಸಾದಳು.

ನಾನು ಕನ್ನಡ ಶಿಕ್ಷಕಿಯಾದೆ. ಈಗ ತಿಳವಳ್ಳಿಯ ಕಡೆ ಒಂದು ಹೈಸ್ಕೂಲಿನಲ್ಲಿದ್ದೇನೆ. ಈ ವರ್ಷ ನಾನೂ ಮಕ್ಕಳನ್ನು ಜೋಡಿ ಮಾಡಿದೆ. ಕಾವ್ಯಾ ಕಲಿಸುತ್ತಿದ್ದ ರೇಣುಕಾ ಜೂನ್‌ನಲ್ಲಿ ಒಂದು ವಾಕ್ಯ ಮುಗಿಸಲು ಒದ್ದಾಡುತ್ತಿದ್ದವಳು. ಕಳೆದ ತಿಂಗಳು ಗೋವಿನಜೋಳದ ಹೊಲ ಕಾಯುವುದರ ಬಗ್ಗೆ ಎರಡು ಪುಟ ಬರೆದು ತಂದಳು. ಓದುತ್ತ ಹೋದಂತೆ ನನಗೆ ನಂಬಿಕೆ ಬರಲಿಲ್ಲ. ಬಾಯಿ ತಾನಾಗಿಯೇ ಕೇಳಿತು:

"ಕಾವ್ಯಾ, ನೀನ ಬರದುಕೊಟ್ಟೀ ಹೌದಿಲ್ಲೋ?"

ಕಾವ್ಯಾ ಎದ್ದು ನಿಂತಳು. ಒಂದು ಕ್ಷಣವೂ ತಡೆಯಲಿಲ್ಲ. "ಇಲ್ರೀ ಟೀಚರ್. ನಾ ಬರೇ ಪೂರ್ಣವಿರಾಮ ಎಲ್ಲಿ ಹಾಕೂದು ತೋರ್ಸೇನ್ರಿ. ಉಳದದ್ದೆಲ್ಲಾ ಆಕೀದರೀ." ರೇಣುಕಾ ಕಣ್ಣರಳಿಸಿ ಗೆಳತಿಯನ್ನು ನೋಡಿದಳು. ಹದಿನಾಲ್ಕು ವರ್ಷದ ಹುಡುಗಿಗೆ ಅದು ಎಷ್ಟು ಸುಲಭವಾಗಿತ್ತು — ನನಗೂ ಆಗ ಅದೇ ವಯಸ್ಸು.

ಆ ರವಿವಾರ ಹಾನಗಲ್ಲಿನಲ್ಲಿ ಬಸ್ಸು ಬದಲಿಸಿ ಸವಣೂರಿಗೆ ಹೋದೆ. ಮುಬೀನಾ ಗಂಡನ ಖಾರ-ಸೇವಿನ ಅಂಗಡಿಯಲ್ಲಿ ಪೊಟ್ಟಣ ಕಟ್ಟುತ್ತಿದ್ದಳು. ಗುರುತು ಹಿಡಿದು, "ಬಾ, ಕುಂದರ" ಎಂದು ಸ್ಟೂಲು ಸರಿಸಿದಳು. ನಾನು ಕೂರದೆಯೇ ಎಲ್ಲ ಹೇಳಿದೆ. ಅವಳ ಕೈ ನಿಂತಿತು.

"ನೀ ಸುಳ್ಳ ಹೇಳಿದ್ದಿ ಅಂತ ನನಗ ಅವತ್ತ ಗೊತ್ತಿತ್ತು" ಎಂದಳು. "ಆದ್ರ ಎಲ್ಲಾರೂ ನಿಂದ ಅಂತಿದ್ರು ನೋಡು... ಒಂದೆರಡು ವರ್ಷದಾಗ ನನಗೂ ಹಂಗ ಅನಸಾಕತ್ತು. ನಾ ಎಲ್ಲಿ ಬರದೇನು, ಸುಧಾನ ಬರದಿರಬೇಕು ಅಂತ."

ನಾನು ಕದ್ದದ್ದು ಒಂದು ಪ್ರಬಂಧವನ್ನಷ್ಟೇ ಎಂದುಕೊಂಡಿದ್ದೆ.

ಕ್ಷಮೆ ಕೇಳಿದೆ. "ಮಾಫಿ ಮಾತು ಆಮ್ಯಾಲೆ" ಎಂದಳು. "ಮದಲ ನಿನ್ನ ಹುಡುಗ್ಯಾರ ಮುಂದ ಹೇಳು. ನನ್ನ ಹೆಸರ ಹಿಡದು ಹೇಳು." ಹೊರಡುವಾಗ ನಗಲಿಲ್ಲ; ಆದರೆ ಬಸ್‌ಸ್ಟ್ಯಾಂಡಿನ ತಿರುವಿನವರೆಗೂ ಜೊತೆಗೆ ಬಂದಳು.

ಸೋಮವಾರ ಮೊದಲನೇ ಅವಧಿಯಲ್ಲಿ ಹೇಳಿದೆ. ಅವಳ ಹೆಸರು ಹಿಡಿದು, ನನ್ನ ಹೆಸರೂ ಹಿಡಿದು. ನೆನಪಿದ್ದಷ್ಟು ಸಾಲುಗಳನ್ನು ಬೋರ್ಡಿನ ಮೇಲೆ ಬರೆದು, ಕೆಳಗೆ 'ಮುಬೀನಾ' ಎಂದು ಬರೆದೆ. ಮಕ್ಕಳು ಗದ್ದಲ ಮಾಡದೆ ತಮ್ಮ ವಹಿಗಳಲ್ಲಿ ಬರೆದುಕೊಂಡರು. ಆಮೇಲೆ ರೇಣುಕಾ ಕೈ ಎತ್ತಿದಳು.

"ಟೀಚರ್, ಅವ್ರು ಈಗೂ ಬರೀತಾರೇನ್ರೀ?"

ಅದನ್ನು ನಾನು ಕೇಳಿಯೇ ಇರಲಿಲ್ಲ. ಅಷ್ಟು ದೂರ ಹೋಗಿ ನನ್ನ ಮಾತನ್ನೇ ಆಡಿ ಬಂದಿದ್ದೆ.

"ಗೊತ್ತಿಲ್ಲವ್ವಾ" ಎಂದೆ. "ಬರೂ ರವಿವಾರ ಕೇಳಿ ಬರ್ತೇನಿ."